ಸುರಂಗದ ಮುದುಕ ಭಾಷಣ ಮಾಡುವುದಿಲ್ಲ

ಕಾಸರಗೋಡಿನವರು ಕನ್ನಡದಲ್ಲಿ ಏನು ಬರೆದರೂ ಅದಕ್ಕೊಂದು ಹಣೆಪಟ್ಟಿ ಮೊದಲೇ ತಯಾರಾಗಿರುತ್ತದೆ: ಗಡಿನಾಡ ನೋವು. ಪ್ರೇಮಕವಿತೆ ಬರೆದರೂ ಅದೇ. ಹಲಸಿನ ಹಪ್ಪಳದ ಬಗ್ಗೆ ಬರೆದರೂ ಅದೇ. ಸಾಹಿತ್ಯದ ಸಭೆಗಳಲ್ಲಿ ನಮಗೆ ಅಂತಲೇ ಒಂದು ಗೋಷ್ಠಿ ಇಡುತ್ತಾರೆ, ಹೆಚ್ಚಾಗಿ ಊಟದ ಹೊತ್ತಿಗೆ. ನಾವೂ ಹೋಗುತ್ತೇವೆ. 1956ರ ನವೆಂಬರ್ 1ರಿಂದ ಶುರು ಮಾಡುತ್ತೇವೆ. ಮಹಾಜನ ವರದಿಗೆ ಬರುವಷ್ಟರಲ್ಲಿ ಅಧ್ಯಕ್ಷರಿಂದ ಚೀಟಿ ಬರುತ್ತದೆ. ಒಂದು ಶಾಲು ಹೊದ್ದುಕೊಂಡು ರೈಲು ಹತ್ತುತ್ತೇವೆ.

ನೋವು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ನಮ್ಮ ಕಾಸರಗೋಡು ತಾಲೂಕು ಆ ನವೆಂಬರ್ 1ರ ಬೆಳಗಾಗುವಷ್ಟರಲ್ಲಿ ಕೇರಳಕ್ಕೆ ಸೇರಿತ್ತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಅಂತ 1967ರಲ್ಲಿ ಗಡಿ ತಕರಾರು ನೋಡಲು ನೇಮಿಸಿದ್ದ ಮಹಾಜನ ಆಯೋಗ ಹೇಳಿತು. ಹೇಳಿದ್ದಷ್ಟೇ, ಆಗಲಿಲ್ಲ. ಇದು ನಮ್ಮ ಮನೆಗಳಲ್ಲಿ ಸಣ್ಣ ಮಕ್ಕಳಿಗೂ ಬಾಯಿಪಾಠ. ಆದರೆ ಕಾದಂಬರಿ ಬರೆಯಲು ಕೂತಾಗ ಈ ಬಾಯಿಪಾಠ ಎಷ್ಟು ಅಡ್ಡ ಬರುತ್ತದೆ ಅನ್ನುವುದು ಬರೆದವರಿಗೇ ಗೊತ್ತು.

ನನ್ನ ಮೊದಲ ಕಾದಂಬರಿ ಅಚ್ಚಾಗಿ ಬಂದಿದೆ. ಅದರ ಹೆಸರು ಇಲ್ಲಿ ಹಾಕುವುದಿಲ್ಲ, ಸುಮ್ನೆ ಜಾಹೀರಾತು ಆಗಿಬಿಡುತ್ತದೆ. ಅದನ್ನು ಹೇಗೆ ಬರೆದಿರಿ, ಹೇಗೆ ತಿದ್ದಿದಿರಿ, ಹೇಗೆ ಅಚ್ಚು ಹಾಕಿಸಿದಿರಿ ಅಂತ ಕೆಲವರು ಕೇಳಿದರು. ಮೂರು ಕಡೆಯೂ ನನ್ನ ಜಗಳ ಗಡಿನಾಡ ನೋವಿನ ಆ ಭಾಷಣದ ಜೊತೆಗೇ ಆಗಿತ್ತು. ಅದನ್ನೇ ಹೇಳುತ್ತೇನೆ.

ಕಥೆ ಒಬ್ಬ ಸುರಂಗ ತೋಡುವ ಮುದುಕನದ್ದು. ಸುರಂಗ ಎಂದರೇನು ಅಂತ ಕಾದಂಬರಿಯಲ್ಲಿ ಎಲ್ಲೂ ವಿವರಿಸಿಲ್ಲ, ಇಲ್ಲಿ ಹೇಳಬಹುದು. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆ ಗುಡ್ಡದ ಬದಿಗೆ, ಮುರಕಲ್ಲಿನಲ್ಲಿ (ಜಂಬಿಟ್ಟಿಗೆ ಕಲ್ಲು), ಅಡ್ಡಕ್ಕೆ ಕೊರೆದ ಬಾವಿ ಅದು. ಒಬ್ಬರು ತಲೆ ತಗ್ಗಿಸಿ ಹೋಗುವಷ್ಟು ಎತ್ತರ, ಎರಡೂವರೆ ಅಡಿಯ ಆಸುಪಾಸು ಅಗಲ. ಒಳಗೆ ಒರತೆ ಸಿಕ್ಕಿದರೆ ನೀರು ತಾನಾಗಿ ಹರಿದು ಹೊರಗೆ ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಕೆಳಗೊಂದು ಟಾಂಕಿ ಕಟ್ಟಿದರೆ ಮನೆಗೂ ಆಯಿತು, ತೋಟಕ್ಕೂ ಆಯಿತು. ಗಡಿಯ ಆಚೆ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರ ಹೆಸರು ನೀವು ಕೇಳಿರಬಹುದು. ಮೊದಲು ಕೊರೆದ ಸುರಂಗಗಳು ಬರಡಾದರೂ ಬಿಡದೆ, ಒಬ್ಬರೇ ಮತ್ತೆ ಮತ್ತೆ ಕೊರೆದು, ಬೋಳು ಗುಡ್ಡದಲ್ಲಿ ತೋಟ ಎಬ್ಬಿಸಿದವರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನನ್ನ ಮುದುಕ ಅವರಲ್ಲ. ಇವನು ಬೇರೆಯವರ ತೋಟಕ್ಕೆ ಕೂಲಿಗೆ ತೋಡುವವನು. ಕೊಳವೆಬಾವಿಯ ಲಾರಿ ಊರಿಗೆ ಬಂದ ವರ್ಷ ಇವನ ಕೈ ಖಾಲಿಯಾಗುತ್ತದೆ. ಒಬ್ಬಳು ಮಗಳಿದ್ದಾಳೆ. ಕಥೆ ಅಷ್ಟೇ.

ನಾನು ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ ಮಾಡುವವಳು. ಬರೆಯಲು ಹೊತ್ತು ಹೇಗೆ ಸಿಗುತ್ತದೆ ಅಂತ ಕೇಳಬೇಡಿ, ಎಲ್ಲರಿಗೂ ಸಿಗುವ ಹಾಗೆಯೇ: ಬೆಳಗ್ಗೆ ಬೇಗ, ಫೋನಿನಲ್ಲಿ, ಒಲೆಯ ಮೇಲೆ ಏನೋ ಬೇಯುತ್ತಿರುವಾಗ. ಆದರೆ ಬ್ಯಾಂಕಿನ ಕೌಂಟರಿನಿಂದ ನನಗೊಂದು ಲಾಭ ಆಯಿತು. ಜೂನ್ ತಿಂಗಳಲ್ಲಿ ಚಿನ್ನ ಅಡವಿಡಲು ಬರುವವರ ಸಾಲು ಉದ್ದವಿರುತ್ತದೆ, ಶಾಲೆ ಶುರುವಾಗುವ ಹೊತ್ತಲ್ವಾ. ಆ ಸಾಲಿನಲ್ಲಿ ಯಾರೂ ಭಾಷಣ ಮಾಡುವುದಿಲ್ಲ. "ಬಡ್ಡಿ ಎಷ್ಟಾಯ್ತು?" ಅಂತ ಕೇಳುತ್ತಾರೆ. ಬಳೆ ಕೈಯಿಂದ ಬಿಚ್ಚಲು ಆಗದಿದ್ದರೆ ಸೋಪು ಕೇಳುತ್ತಾರೆ. ಜನ ನಿಜವಾಗಿ ಹೇಗೆ ಮಾತಾಡುತ್ತಾರೆ ಅನ್ನುವುದು ನನ್ನ ಕಿವಿಗೆ ದಿನಾ ಬೀಳುತ್ತಿತ್ತು. ಅದು ಕಾದಂಬರಿಯೊಳಗೆ ಬರಲು ಮಾತ್ರ ಬಹಳ ಕಾಲ ಹಿಡಿಯಿತು.

ಮೊದಲ ಕರಡಿನಲ್ಲಿ ನನ್ನ ಮುದುಕ ಎಂಥ ಮಾತುಗಾರ ಅಂತೀರಿ! ಸುರಂಗದ ಬಾಯಲ್ಲಿ ನಿಂತು, "ನೆಲ ನಮಗೆ ನೀರು ಕೊಟ್ಟಿತು, ಗಡಿ ನಮ್ಮ ಭಾಷೆಯನ್ನು ಕಿತ್ತುಕೊಂಡಿತು" ಅನ್ನುತ್ತಾನೆ. ಯಾರಿಗೆ ಹೇಳುತ್ತಾನೆ? ಅಲ್ಲಿರುವುದು ಮಣ್ಣು ಹೊರುವ ಹುಡುಗ ಒಬ್ಬ. ಅವನಿಗೆ ಸಂಜೆಯ ಕೂಲಿ ಬೇಕು, ಅಷ್ಟೇ.

ಆ ಭಾಗವನ್ನು ಚಿಕ್ಕಮ್ಮನಿಗೆ ಓದಿ ಹೇಳಿದೆ. ಅಡಿಕೆ ಸುಲಿಯುತ್ತ ಕೂತಿದ್ದರು. ಕತ್ತಿಯಿಂದ ಕಣ್ಣು ತೆಗೆಯದೆ, "ಎಂತ ಮಾರಾಯ್ತಿ, ಇವ ಪಂಚಾಯತ್ ಇಲೆಕ್ಷನಿಗೆ ನಿಲ್ತಾನಾ?" ಅಂತ ಕೇಳಿದರು.

ಇಷ್ಟು ಚುರುಕಾದ ವಿಮರ್ಶೆ ಆಮೇಲೆ ಯಾವ ಪತ್ರಿಕೆಯಲ್ಲೂ ಬರಲಿಲ್ಲ.

ಸುರಂಗ ತೋಡಿದ ಹಿರಿಯರೊಬ್ಬರನ್ನು ಹುಡುಕಿಕೊಂಡು ಹೋದದ್ದು ಆಮೇಲೆ. ಅದಕ್ಕೆ ಮೊದಲು ಸುರಂಗದ ಬಗ್ಗೆ ಓದಿದ್ದೆ, ಹೊರಗಿಂದ ನೋಡಿದ್ದೆ. ಅವರು ಮಾತಿಗೆ ಕೂರಲಿಲ್ಲ, ಒಳಗೆ ಕರೆದುಕೊಂಡು ಹೋದರು. ಸ್ವಲ್ಪ ಹೆಜ್ಜೆಗೆ ಹಿಂದಿನ ಬೆಳಕು ಮುಗಿಯಿತು. ಪಾದ ಮುಳುಗುವಷ್ಟು ನೀರು, ತಣ್ಣಗೆ. ಎರಡೂ ಮೊಣಕೈ ಗೋಡೆಗೆ ತಾಗುತ್ತಿತ್ತು. ಅವರು ಮೇಣದಬತ್ತಿ ಹಿಡಿದು ಮುಂದೆ ಹೋಗುತ್ತಿದ್ದರು. ಟಾರ್ಚು ಇತ್ತು, ಆದರೂ ಬತ್ತಿ. ಒಳಗೆ ಗಾಳಿ ಕಡಿಮೆಯಾದರೆ ಬತ್ತಿಯ ಉರಿ ಸಣ್ಣಗಾಗುತ್ತದೆ, ಆಗ ತಿರುಗಿ ಬರಬೇಕು. ಟಾರ್ಚು ಆ ಸುದ್ದಿ ಹೇಳುವುದಿಲ್ಲ. ಗೋಡೆಯ ಮೇಲೆ ಪಿಕ್ಕಾಸಿನ ಗೆರೆಗಳು ಹಾಗೇ ಇದ್ದವು, ನಿನ್ನೆ ಕೊರೆದ ಹಾಗೆ. ಎಲ್ಲವೂ ಬಲದಿಂದ ಎಡಕ್ಕೆ ಇಳಿಯುತ್ತಿದ್ದವು. ಒಂದು ಕಡೆ ಬಂದಾಗ ಗೆರೆಗಳು ತಿರುಗಾಮುರುಗಾ. ಎಡದಿಂದ ಬಲಕ್ಕೆ. ನಾನು ಬೆರಳಿಟ್ಟು ನೋಡುತ್ತಿದ್ದೆ. "ಇಲ್ಲಿಂದ ಅಲ್ಲಿವರೆಗೆ ನನ್ನ ತಮ್ಮ ಕೊರೆದದ್ದು. ಅವನದ್ದು ಎಡಗೈ" ಅಂದರು. ತಮ್ಮ ಈಗ ಇಲ್ಲ ಅನ್ನುವುದನ್ನು ಅವರು ಹೇಳಲಿಲ್ಲ, ಆಮೇಲೆ ಅವರ ಮನೆಯವರಿಂದ ಗೊತ್ತಾಯಿತು.

ಮನೆಗೆ ಬಂದು ಅಣ್ಣತಮ್ಮಂದಿರ ಬಗ್ಗೆ ಬರೆದಿಟ್ಟಿದ್ದ ಅಧ್ಯಾಯವನ್ನು ತೆರೆದೆ. ಬಾಲ್ಯ, ಜಗಳ, ಪಾಲು, ಪಶ್ಚಾತ್ತಾಪ ಎಲ್ಲ ಇತ್ತು. ತೆಗೆದು ಹಾಕಿದೆ. ಗೋಡೆಯ ಗೆರೆ ಮಾತ್ರ ಇಟ್ಟುಕೊಂಡೆ. ಅರ್ಧ ಪುಟ ಆಯಿತು.

ತೆಗೆದದ್ದನ್ನು ಬಿಸಾಡಲು ಮನಸ್ಸು ಬರಲಿಲ್ಲ. ಫೋನಿನಲ್ಲಿ 'ಭಾಷಣ' ಅಂತ ಒಂದು ಫೈಲ್ ಮಾಡಿದೆ. ಕಾದಂಬರಿಯಿಂದ ಕಿತ್ತದ್ದೆಲ್ಲ ಅದರೊಳಗೆ. ಹೊಸದಾಗಿ ಬರೆಯುವವರಿಗೆ ಇದೊಂದು ಉಪಾಯ ಹೇಳಬಲ್ಲೆ. ಅಳಿಸುತ್ತಿದ್ದೇನೆ ಅಂದರೆ ಕೈ ನಡುಗುತ್ತದೆ, ಬೇರೆ ಕಡೆ ಎತ್ತಿಡುತ್ತಿದ್ದೇನೆ ಅಂದರೆ ಧಾರಾಳವಾಗಿ ಓಡುತ್ತದೆ. ಮುಗಿಯುವ ಹೊತ್ತಿಗೆ 'ಭಾಷಣ' ಕಾದಂಬರಿಯ ಅರ್ಧದಷ್ಟು ದಪ್ಪ ಆಗಿತ್ತು.

ತಿದ್ದುವುದು ಎಂದರೆ ಏನು ಅಂತ ಒಂದು ತುಂಡು ತೋರಿಸುತ್ತೇನೆ. ಮೊದಲ ಕರಡಿನ ಸಾಲು ಇದು:

"ಭಾಷಾವಾರು ಪ್ರಾಂತ್ಯ ರಚನೆಯ ಗಾಯ ಇನ್ನೂ ಮಾಯದ ಆ ನೆಲದಲ್ಲಿ, ತನ್ನದಲ್ಲದ ಲಿಪಿಯ ಕಾಗದವನ್ನು ಹಿಡಿದ ಮುದುಕನ ಕಣ್ಣುಗಳಲ್ಲಿ ಅನಾಥಪ್ರಜ್ಞೆ ಮಡುಗಟ್ಟಿತ್ತು."

ಅಚ್ಚಾದ ಪುಸ್ತಕದಲ್ಲಿ ಹೀಗಿದೆ:

"ವಿಲೇಜ್ ಆಫೀಸಿನಿಂದ ಬಂದ ಕಾಗದವನ್ನು ಮುದುಕ ತಲೆಕೆಳಗಾಗಿ ಹಿಡಿದಿದ್ದ. ಮಗಳು ಅದನ್ನು ತಿರುಗಿಸಿ ಕೊಟ್ಟಳು. ಅವಳಿಗೂ ಓದಲು ಬರಲಿಲ್ಲ. ಇಬ್ಬರೂ ಸೀಲು ನೋಡಿದರು."

ಮಗಳು ಕನ್ನಡ ಶಾಲೆಯಲ್ಲಿ ಕಲಿತವಳು, ಕಾಗದ ಮಲಯಾಳದ್ದು. ಇದನ್ನು ಬಿಡಿಸಿ ಹೇಳಬೇಕಾ? ಬೆಂಗಳೂರಿನ ಓದುಗರಿಗೆ ಗೊತ್ತಾಗುತ್ತದಾ? ಈ ಪ್ರಶ್ನೆ ನನ್ನನ್ನು ಬಹಳ ಕಾಡಿತು. ಕೊನೆಗೆ ಬಿಡಿಸದೆ ಬಿಟ್ಟೆ. ಗೊತ್ತಾಗದವರಿಗೆ ಇಬ್ಬರು ಒಂದು ಕಾಗದದ ಮುಂದೆ ಕೂತದ್ದಾದರೂ ಕಾಣುತ್ತದೆ. ಗಾಯ, ಲಿಪಿ, ಅನಾಥಪ್ರಜ್ಞೆ ಅಂದಾಗ ಅದೂ ಕಾಣುತ್ತಿರಲಿಲ್ಲ, ನಾನು ಮೈಕಿನ ಮುಂದೆ ನಿಂತದ್ದು ಮಾತ್ರ ಕಾಣುತ್ತಿತ್ತು.

ಮಾತುಕತೆಯ ವಿಷಯ ಇದಕ್ಕಿಂತ ಕಷ್ಟದ್ದು. ನಮ್ಮ ಊರನ್ನು ಸಪ್ತಭಾಷಾ ಸಂಗಮ ಭೂಮಿ ಅನ್ನುತ್ತಾರೆ. ಸ್ವಾಗತ ಭಾಷಣಕ್ಕೆ ಅದು ಚಂದ. ಕಾದಂಬರಿ ಬರೆಯುವವರಿಗೆ ತಲೆನೋವು. ನನ್ನ ಮುದುಕ ಮಣ್ಣು ಹೊರುವ ಹುಡುಗನ ಹತ್ತಿರ ತುಳುವಿನಲ್ಲಿ ಮಾತಾಡುತ್ತಾನೆ. ತೋಟದ ಧಣಿ ಮನೆಯೊಳಗೆ ಹವ್ಯಕ ಕನ್ನಡ, ಅಂಗಳಕ್ಕೆ ಇಳಿದರೆ ತುಳು. ಜೀನಸಿನ ಅಂಗಡಿಯವರದ್ದು ಬ್ಯಾರಿ. ವಿಲೇಜ್ ಆಫೀಸಿನಲ್ಲಿ ಮಲಯಾಳ. ಶಾಲೆಯ ಮಾಷ್ಟ್ರು ಮಾತ್ರ ಪುಸ್ತಕದ ಕನ್ನಡ. ಒಬ್ಬನೇ ಮನುಷ್ಯ ಮಧ್ಯಾಹ್ನದ ಒಳಗೆ ಮೂರು ಭಾಷೆ ದಾಟಿರುತ್ತಾನೆ, ಅವನಿಗೆ ಅದು ಗೊತ್ತೂ ಇರುವುದಿಲ್ಲ.

ಎಲ್ಲವನ್ನೂ ಇದ್ದಂತೆ ಬರೆದು ಪುಟದ ಕೆಳಗೆ ಅರ್ಥ ಕೊಡುವುದು ಒಂದು ದಾರಿ. ಹಾಗೆ ಒಂದು ಅಧ್ಯಾಯ ಮಾಡಿ ನೋಡಿದೆ. ಪರೀಕ್ಷೆಗೆ ಓದಿದ ಹಾಗಾಯಿತು. ಎಲ್ಲರಿಗೂ ಒಂದೇ ಕನ್ನಡ ಕೊಡುವುದು ಇನ್ನೊಂದು ದಾರಿ. ನಿರಂಜನರು 1955ರ 'ಚಿರಸ್ಮರಣೆ'ಯಲ್ಲಿ ಕಯ್ಯೂರಿನ ರೈತರ ಹೋರಾಟದ ಕಥೆ ಹೇಳಿದ್ದು ಕನ್ನಡದಲ್ಲಿ. ಕಯ್ಯೂರು ನಮ್ಮ ಜಿಲ್ಲೆಯ ತೆಂಕು ಭಾಗ, ಅಲ್ಲಿಯವರ ಮಾತು ಮಲಯಾಳ. 1943ರಲ್ಲಿ ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿದ ಆ ನಾಲ್ವರು ಕನ್ನಡ ಮಾತಾಡಿದವರಲ್ಲ ಅಂತ ಓದುವಾಗ ಯಾರಾದರೂ ಪುಸ್ತಕ ಮುಚ್ಚುತ್ತಾರಾ? ಇಲ್ಲ. ಅದು ನನಗೆ ಧೈರ್ಯ ಕೊಟ್ಟಿತು. ನಾನು ನಡುವಿನ ದಾರಿ ಹಿಡಿದೆ. ಮಾತು ಕನ್ನಡದಲ್ಲೇ, ಆದರೆ ವಾಕ್ಯದ ಓಟ ನಮ್ಮ ಕಡೆಯದ್ದು. 'ಉಂಟು', 'ಎಂತದು', 'ಆಗಲಿಕ್ಕಿಲ್ಲ'. ತುಳುವನ್ನು ಬೇಕಾದಲ್ಲಿ ಮಾತ್ರ, ಸಂದರ್ಭ ಅದನ್ನು ಹೊತ್ತುಕೊಳ್ಳುವ ಕಡೆ ಮಾತ್ರ ಇಟ್ಟೆ. ಸುರಂಗದ ಬಾಯಲ್ಲಿ ನಿಂತ ಹುಡುಗ ಒಳಗಿನ ಕತ್ತಲೆಗೆ "ನೀರ್ ಬತ್ತ್ಂಡಾ?" ಅಂತ ಕೂಗಿದರೆ, ಕೇಳುತ್ತಿರುವುದು ನೀರು ಬಂತಾ ಅಂತ ಎಂದು ಬೀದರಿನವರಿಗೂ ಗೊತ್ತಾಗುತ್ತದೆ.

ನನ್ನ ಜೊತೆ ಕೆಲಸ ಮಾಡುವವಳೊಬ್ಬಳಿಗೆ ಕನ್ನಡ ಮಾತು ಬರುತ್ತದೆ, ಓದು ಬರುವುದಿಲ್ಲ. ಮನೆಮಾತು ಮಲಯಾಳ. ಊಟದ ಹೊತ್ತಿಗೆ ಅವಳಿಗೆ ಅಧ್ಯಾಯಗಳನ್ನು ಓದಿ ಹೇಳುತ್ತಿದ್ದೆ. ಗಟ್ಟಿಯಾಗಿ ಓದುವುದರ ಉಪಯೋಗ ಎಲ್ಲರೂ ಹೇಳುತ್ತಾರೆ, ನಾಲಗೆ ತೊಡರಿದ ಕಡೆ ವಾಕ್ಯ ಕೆಟ್ಟಿದೆ ಅಂತ. ಅದು ನಿಜವೇ. ನನಗೆ ಹೆಚ್ಚು ಸಿಕ್ಕಿದ್ದು ಅವಳ ಮುಖದಿಂದ. ಒಂದು ದಿನ ಅನ್ನದ ಡಬ್ಬಿ ಮುಚ್ಚಿಟ್ಟು, "ಚೇಚೀ, ಆ ವಿಲೇಜ್ ಆಫೀಸರಿಗೆ ಹೆಂಡತಿ ಮಕ್ಕಳಿಲ್ಲವಾ? ಬಂದಾಗಲೆಲ್ಲ ಬರೀ ಬೈತಾನೆ" ಅಂದಳು.

ಅವನು ನನ್ನ ಭಾಷಣದ ಖಳನಾಯಕ. ಅವನಿಗೆ ಹೆಸರೂ ಇರಲಿಲ್ಲ. ಅವನು ಯಾರು ಅಂತ ಆಮೇಲೆ ಯೋಚಿಸಿದೆ. ಇಲ್ಲಿಗೆ ವರ್ಗವಾಗಿ ಬರುವವರಲ್ಲಿ ತೆಂಕಿನವರೇ ಜಾಸ್ತಿ. ಬಂದ ದಿನದಿಂದ ವಾಪಸು ವರ್ಗಕ್ಕೆ ಕಾಯುತ್ತಾರೆ. ಹಾಗಾದರೆ ಇವನು ಕೋಟ್ಟಯಂ ಕಡೆಯವನು, ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದಾನೆ. ಕನ್ನಡ ಬಿಡಿ, ಕಾಸರಗೋಡಿನ ಮಲಯಾಳವೇ ಇವನ ಕಿವಿಗೆ ಅರ್ಧ ಮಾತ್ರ ಹತ್ತುತ್ತದೆ. ಮುದುಕ ಮಾತಾಡಿದರೆ ಇವನಿಗೆ ಗೊತ್ತಾಗುವುದಿಲ್ಲ, ಇವನು ಮಾತಾಡಿದರೆ ಪಿಯೂನನಿಗೂ ಪೂರ್ತಿ ಗೊತ್ತಾಗುವುದಿಲ್ಲ. ಹೀಗೆ ಬರೆದ ಮೇಲೆ ಆ ಅಧ್ಯಾಯದಲ್ಲಿ ನಗು ಬಂತು. ಅದಕ್ಕೆ ಮೊದಲು ಇಡೀ ಕರಡಿನಲ್ಲಿ ನಗುವ ಒಂದೇ ಒಂದು ಜಾಗ ಇರಲಿಲ್ಲ. ಗಡಿನಾಡಿನಲ್ಲಿ ಜನ ನಗುವುದೇ ಇಲ್ಲವೇನೋ ಅನ್ನುವ ಹಾಗಿತ್ತು!

ಮೂರನೆಯ ಓದುಗರು ನಿವೃತ್ತ ಮಾಷ್ಟ್ರು. ಕೆಂಪು ಶಾಯಿ. ಅಲ್ಪಪ್ರಾಣ ಮಹಾಪ್ರಾಣದಲ್ಲಿ ಅವರು ಯಾರನ್ನೂ ಬಿಟ್ಟವರಲ್ಲ. ಆದರೆ ಅವರಿಂದ ಬಂದ ದೊಡ್ಡ ಉಪಕಾರ ಕಾಲದ ಲೆಕ್ಕ. ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಹನ್ನೆರಡು ಮನೆ ಗೀಟು ಹಾಕಿ, ಯಾವ ತಿಂಗಳಲ್ಲಿ ಕಥೆಯಲ್ಲಿ ಏನು ನಡೆಯುತ್ತದೆ, ಊರಲ್ಲಿ ಏನು ನಡೆಯುತ್ತದೆ ಅಂತ ಎರಡು ಸಾಲಿನಲ್ಲಿ ಬರೆಯಲು ಹೇಳಿದರು. ಸುರಂಗ ತೋಡುವುದು ಬೇಸಗೆಯಲ್ಲಿ. ಅಡಿಕೆಗೆ ಮದ್ದು ಬಿಡುವುದು ಮಳೆ ಹಿಡಿಯುವ ಹೊತ್ತಿಗೆ, ಆಮೇಲೆ ಮಳೆ ಬಿಟ್ಟ ಸಂದಿನಲ್ಲಿ ಇನ್ನೊಮ್ಮೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಈ ಪಟ್ಟಿ ಮಾಡಿದ ಮೇಲೆ ಕಥೆ ತಾನೇ ಜಾಗ ಬದಲಾಯಿಸಿಕೊಂಡಿತು. ಮಗಳ ಮದುವೆ ಮಾತುಕತೆ ಮದ್ದು ಬಿಡುವ ದಿನಗಳಿಗೆ ಸರಿಯಿತು. ಆಗ ಧಣಿಯ ಅಂಗಳದಲ್ಲಿ ಎಲ್ಲರ ಕೈಯೂ ನೀಲಿ. ಆ ನೀಲಿ ಕೈಯಲ್ಲೇ ಮುದುಕ ವೀಳ್ಯದೆಲೆ ತೆಗೆದುಕೊಳ್ಳುತ್ತಾನೆ. ಇಂಥದ್ದು ಯೋಚಿಸಿ ಹುಟ್ಟುವುದಲ್ಲ, ಕ್ಯಾಲೆಂಡರಿನಿಂದ ಸಿಕ್ಕಿದ್ದು.

1956ರ ಬಗ್ಗೆ ಒಂದು ಇಡೀ ಅಧ್ಯಾಯ ಇತ್ತು. ಮೆರವಣಿಗೆ, ಘೋಷಣೆ, ಎಲ್ಲ. ಅದನ್ನು ತೆಗೆಯಲು ಮಾಷ್ಟ್ರು ಸುತರಾಂ ಒಪ್ಪಲಿಲ್ಲ. "ಅದು ನಮ್ಮ ಇತಿಹಾಸ" ಅಂದರು. ಅವರು ಆ ಕಾಲ ಕಂಡವರು, ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಅಂತ ಹೋರಾಡಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಮಾತು ಬಡಿಯಡ್ಕ ಕಡೆಯಲ್ಲಿ ಕೇಳುತ್ತ ಬೆಳೆದವರು. ಅವರ ಜೊತೆ ವಾದಿಸುವುದು ಹೇಗೆ? ನಾನು ಕೇಳಿದ್ದು ಇಷ್ಟೇ: "ಮಾಷ್ಟ್ರೇ, ಆ ದಿನ ಈ ಮುದುಕ ಎಲ್ಲಿದ್ದ?" ಅವರು ಸ್ವಲ್ಪ ಹೊತ್ತು ಯೋಚಿಸಿದರು. "ಗುಡ್ಡದಲ್ಲಿದ್ದಿರಬೇಕು" ಅಂದರು. ಮತ್ತೆ, "ಆದರೂ ತೆಗೆಯಬೇಡಿ" ಅಂದರು. ತೆಗೆದೆ. ಇವತ್ತಿಗೂ ಅವರಿಗೆ ಅದರ ಬಗ್ಗೆ ಬೇಸರ ಉಂಟು. ಅವರ ಬೇಸರವೂ ಸರಿಯೇ ಅನಿಸುತ್ತದೆ ಒಮ್ಮೊಮ್ಮೆ. ಆ ಮೆರವಣಿಗೆಗೆ ಅದರದ್ದೇ ಆದ ಕಾದಂಬರಿ ಬೇಕು. ಅದು ನನ್ನದಾಗಿರಲಿಲ್ಲ.

ಇನ್ನು ಪ್ರಕಟಣೆ. ಇಲ್ಲಿ ಹಣೆಪಟ್ಟಿ ಹಿಡಿದುಕೊಂಡವರು ಬಾಗಿಲಲ್ಲೇ ಸಿಗುತ್ತಾರೆ. ಒಬ್ಬ ಪ್ರಕಾಶಕರು ಹಸ್ತಪ್ರತಿ ಓದಿ, ಚೆನ್ನಾಗಿದೆ, ಗಡಿನಾಡಿನ ಹೋರಾಟದ ಅಂಶ ಜಾಸ್ತಿ ಮಾಡಿದರೆ ನೋಡಬಹುದು ಅಂದರು. ಫೋನಿನಲ್ಲೇ ಇತ್ತು 'ಭಾಷಣ'. ಒಂದು ಗಳಿಗೆ ಆಸೆ ಆಯಿತು. ಮೊದಲಾದರೆ ವಾರಪತ್ರಿಕೆಗೆ ಧಾರಾವಾಹಿಯಾಗಿ ಕಳಿಸುವ ದಾರಿ ಇತ್ತು. ಕಾಸರಗೋಡಿನಲ್ಲೇ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ಮೊದಲ ಕಾದಂಬರಿ 'ಚಂದ್ರಗಿರಿಯ ತೀರದಲ್ಲಿ' 1980ರ ದಶಕದ ಆರಂಭದಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಹಾಗೆ ಬಂದು, ಆಮೇಲೆ ಪುಸ್ತಕವಾದದ್ದು. ಅದರ ಹೆಸರಲ್ಲೇ ನಮ್ಮ ಹೊಳೆ ಇದೆ, ಒಳಗೆ ಇರುವುದು ತಲಾಖಿನ ಕೈಗೆ ಸಿಕ್ಕಿದ ಒಬ್ಬ ಹೆಣ್ಣಿನ ಬದುಕು. ಅವರು ಗಡಿಗೆ ವಕಾಲತ್ತು ಹಾಕಲು ಕೂತಿದ್ದರೆ ಆ ಹೆಣ್ಣು ಹುಟ್ಟುತ್ತಿರಲಿಲ್ಲ. ಅದನ್ನು ನೆನೆಸಿಕೊಂಡು ಇನ್ನೊಬ್ಬ ಪ್ರಕಾಶಕರನ್ನು ಹುಡುಕಿದೆ. ಸಣ್ಣವರು, ಮಂಗಳೂರಿನವರು.

ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಅದಕ್ಕೆ ವಯಸ್ಸಿನ ಮಿತಿ ಇದೆ, ನನ್ನದು ದಾಟಿತ್ತು. ನಿಮ್ಮದು ದಾಟಿರದಿದ್ದರೆ ಅರ್ಜಿ ಹಾಕಿ.

ಒಪ್ಪಂದದ ಕಾಗದವನ್ನು ಬ್ಯಾಂಕಿನವಳಾದ್ದರಿಂದ ಪೂರ್ತಿ ಓದಿದೆ. ಬರೆಯುವವರು ಹೆಚ್ಚಿನವರು ಓದುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಒಮ್ಮೆ ನೋಡಿಟ್ಟುಕೊಳ್ಳಿ. ಹಕ್ಕು ವಹಿಸಿಕೊಡುವಾಗ ಅವಧಿ ಬರೆಯದಿದ್ದರೆ ಐದು ವರ್ಷ ಅಂತ ಲೆಕ್ಕ. ಯಾವ ಪ್ರದೇಶಕ್ಕೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಹಕ್ಕು ತೆಗೆದುಕೊಂಡು ಒಂದು ವರ್ಷದೊಳಗೆ ಬಳಸದೆ ಇಟ್ಟರೆ, ಬೇರೆ ಮಾತು ಬರೆದಿರದಿದ್ದರೆ, ಆ ಹಕ್ಕು ಬಿದ್ದುಹೋಗುತ್ತದೆ. ನಾನು ಅಚ್ಚಿನ ಹಕ್ಕು ಮಾತ್ರ ಕೊಟ್ಟು, ಅನುವಾದದ ಹಕ್ಕು ನನ್ನ ಹತ್ತಿರ ಇಟ್ಟುಕೊಂಡೆ. ಮಲಯಾಳಕ್ಕೆ ಹೋಗುವುದಾದರೆ ಪಕ್ಕದ ಮನೆಯವರೇ ಮಾಡಿಯಾರು, ಪ್ರಕಾಶಕರನ್ನು ಕೇಳಿ ಬರಬೇಕಾಗಿಲ್ಲ ನೋಡಿ.

ಫೋನಿನಲ್ಲಿ ಯೂನಿಕೋಡಿನಲ್ಲಿ ಬರೆದದ್ದು ಡಿಟಿಪಿಯವರ ಕಂಪ್ಯೂಟರಿನ ಹಳೆಯ ಅಕ್ಷರಕ್ಕೆ ಬದಲಾಗುವಾಗ ಏನಾಗುತ್ತದೆ ಅಂತ ಗೊತ್ತಿರುವವರಿಗೆ ಗೊತ್ತು. ಒತ್ತಕ್ಷರಗಳು ಪಕ್ಕಕ್ಕೆ ಸರಿದವು. ಅರ್ಕಾವತ್ತು ಒಂದಕ್ಷರ ಹಿಂದೆ ಹೋಗಿ ಕೂತಿತು. ಮಲಯಾಳ ಲಿಪಿಯಲ್ಲಿದ್ದ ಆಫೀಸಿನ ಬೋರ್ಡು ಬರೀ ಚೌಕಗಳಾಗಿ ಬಂತು. "ಬತ್ತ್ಂಡಾ" ಅಂತೂ ಯಾವ ದೇವರಿಗೂ ಓದಲಾಗದ ಹಾಗಾಗಿತ್ತು. ಕರಡು ತಿದ್ದಲು ಮಂಗಳೂರಿಗೆ ಹೋಗಿ ಅವರ ಪಕ್ಕದಲ್ಲೇ ಕುರ್ಚಿ ಹಾಕಿ ಕೂತೆ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಅನ್ನುವ 'ಇಂದಿರಾಬಾಯಿ' 1899ರಲ್ಲಿ ಅಚ್ಚಾದದ್ದು ಇದೇ ಪೇಟೆಯ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. ಮೊಳೆ ಜೋಡಿಸುತ್ತಿದ್ದ ಆ ಕಾಲದಲ್ಲಿ ಅರ್ಕಾವತ್ತು ಇಟ್ಟಲ್ಲೇ ಇರುತ್ತಿತ್ತು.

ಕೊನೆಗೆ ಪುಟದ ಲೆಕ್ಕ. ಇದು ನನಗೆ ಬಹಳ ಇಷ್ಟವಾದ ಭಾಗ. ಪುಸ್ತಕ ಡೆಮಿ ಅಷ್ಟಮ ಆಕಾರ. ಅಚ್ಚಾಗುವುದು ಹದಿನಾರು ಪುಟದ ಫಾರಂ ಲೆಕ್ಕದಲ್ಲಿ. ನನ್ನದು ಎಲ್ಲ ಸೇರಿ 213 ಪುಟ ಆಗಿತ್ತು. ಹದಿಮೂರು ಫಾರಂ ಎಂದರೆ 208. ಹದಿನಾಲ್ಕು ಎಂದರೆ 224, ಹನ್ನೊಂದು ಪುಟ ಖಾಲಿ, ಖರ್ಚು ಪೂರ್ತಿ. "ಐದು ಪುಟ ಎಲ್ಲಾದರೂ ಕಡಿಮೆ ಮಾಡಿ ಮೇಡಂ" ಅಂದರು ಪ್ರೆಸ್ಸಿನವರು. ಮುಂದೆ ನಾಲ್ಕು ಪುಟದ 'ನನ್ನ ಮಾತು' ಇತ್ತು. ಅಷ್ಟೆಲ್ಲ ಕಿತ್ತು ಹಾಕಿದ ಮೇಲೂ ನಾನು ಅಲ್ಲಿ ಚಂದ್ರಗಿರಿಯಿಂದ ಶುರು ಮಾಡಿ ಮಹಾಜನ ವರದಿಗೆ ಬಂದಿದ್ದೆ. ಅದು ಹೋಯಿತು. ಕೃತಜ್ಞತೆಯ ಪುಟ ಹಕ್ಕುಗಳ ಪುಟದ ಕೆಳಗೆ ಎರಡು ಸಾಲಾಯಿತು. 208. ಕಾಗದದ ಬೆಲೆಯಷ್ಟು ಒಳ್ಳೆಯ ಸಂಪಾದಕರು ಸಿಗುವುದು ಕಷ್ಟ.

ಮುಖಪುಟಕ್ಕೆ ಮೊದಲು ಬಂದದ್ದು ಮುಳ್ಳುತಂತಿಯ ಚಿತ್ರ. ನಮ್ಮ ಗಡಿ ಇರುವ ತಲಪಾಡಿಯಲ್ಲಿ ಮುಳ್ಳುತಂತಿ ಎಲ್ಲುಂಟು? ಟೋಲ್‌ಗೇಟ್ ಉಂಟು. ಸುರಂಗದ ಗೋಡೆಯ ಒಂದು ಫೋಟೊ ಕೊಟ್ಟೆ, ಗೆರೆಗಳು ಮಾತ್ರ ಕಾಣುವ ಹಾಗೆ.

ಉಳಿದದ್ದು ಕಾಗದಪತ್ರದ ಕೆಲಸ. ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ, ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಯಿಂದ, ಆನ್‌ಲೈನ್ ಅರ್ಜಿ, ದುಡ್ಡಿಲ್ಲ. ದುಡ್ಡು ಕೇಳುವವರು ನಡುವೆ ಸಿಕ್ಕರೆ ನಂಬಬೇಡಿ. ಗ್ರಂಥಾಲಯಗಳಿಗೆ ಪುಸ್ತಕ ಸಲ್ಲಿಸುವ 1954ರ ಕಾಯ್ದೆಯ ಪ್ರಕಾರ ಪ್ರಕಾಶಕರು ಮೂವತ್ತು ದಿನದೊಳಗೆ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ ಪ್ರತಿ ಕಳಿಸಬೇಕು. ಕರ್ನಾಟಕದ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಅರ್ಜಿ ಹಾಕುವ ಕೆಲಸವೂ ಪ್ರಕಾಶಕರದ್ದೇ. ನಮ್ಮ ಕಡೆಯ ವಾಚನಾಲಯಗಳು ಕೇರಳದ ಗ್ರಂಥಾಲಯ ಕೌನ್ಸಿಲಿಗೆ ಸೇರಿದವು. ಅವರ ಪುಸ್ತಕ ಮೇಳಕ್ಕೆ ನಾವೇ ಕಟ್ಟು ಹೊತ್ತುಕೊಂಡು ಹೋದೆವು. ಸ್ವಲ್ಪ ಹೋಯಿತು. ಶ್ರೀಮಂತಳಾಗುತ್ತೇನೆ ಅಂತ ಯಾರೂ ಹೆದರಬೇಕಾಗಿಲ್ಲ.

ಬಿಡುಗಡೆ ವಾಚನಾಲಯದ ಹಾಲಿನಲ್ಲಿ, ಭಾನುವಾರ. ಅಧ್ಯಕ್ಷತೆ ಮಾಷ್ಟ್ರದ್ದು. ನನಗೂ ಮಾತಾಡಲು ಹೇಳಿದರು. ನಾನು ಫೋನು ತೆಗೆದು 'ಭಾಷಣ' ತೆರೆದೆ. ಗಾಯ, ಲಿಪಿ, ಅನಾಥಪ್ರಜ್ಞೆ, 1956ರ ಮೆರವಣಿಗೆ, ಎಲ್ಲವನ್ನೂ ಓದಿದೆ. ಚಪ್ಪಾಳೆ ಬಿತ್ತು ನೋಡಿ! ಮಾಷ್ಟ್ರು ಕಣ್ಣು ಒರೆಸಿಕೊಂಡರು. ಚಿಕ್ಕಮ್ಮ ಮಾತ್ರ, "ಇಷ್ಟು ಚಂದದ್ದನ್ನೆಲ್ಲ ಪುಸ್ತಕಕ್ಕೆ ಯಾಕೆ ಹಾಕ್ಲಿಲ್ಲ?" ಅಂದರು. ಇವರ ಜೊತೆ ಏಗುವುದು ಹೇಗೆ ಹೇಳಿ.

ಹಕ್ಕುಗಳ ಪುಟದಲ್ಲಿ ಫೋನ್ ನಂಬರ್ ಹಾಕಿದ್ದರಿಂದ ಆಗಾಗ ಕರೆ ಬರುತ್ತದೆ. ಹೆಚ್ಚಿನವರು ಅಭಿನಂದನೆ ಹೇಳಿ, ನಿಮ್ಮ ಕಡೆ ಕನ್ನಡದ ಪರಿಸ್ಥಿತಿ ಹೇಗಿದೆ ಅಂತ ಕೇಳುತ್ತಾರೆ. ಹೋದ ತಿಂಗಳು ಇಳಕಲ್ ಕಡೆಯಿಂದ ಒಬ್ಬರು ಮಾಡಿದ್ದರು. ಲೈಬ್ರರಿಯಲ್ಲಿ ಓದಿದರಂತೆ. ನಮಸ್ಕಾರ ಕೂಡ ಹೇಳದೆ, "ಅಕ್ಕಾರ, ಆ ಮುದುಕಪ್ಪನ ಕಡೀ ಸುರಂಗದಾಗ ನೀರ ಬಂತೋ ಇಲ್ಲೋ?" ಅಂದರು.

ಕಾದಂಬರಿ ಅವನು ಒಳಗೆ ಹೋಗುವಲ್ಲಿಗೆ ಮುಗಿಯುತ್ತದೆ. ಪುಸ್ತಕದಲ್ಲಿ ಇರುವಷ್ಟೇ ನನಗೂ ಗೊತ್ತು ಅಂದೆ.

"ಅದ್ಹೆಂಗರೀ? ಬರದವರು ನೀವ. ಇನ್ನೊಂದ ಬರೀರಿ, ನೀರ ತರಿಸ್ರಿ."

ಈಗ ಬರೆಯುತ್ತಿರುವುದು ಬ್ಯಾಂಕಿನ ಕಥೆ, ಚಿನ್ನ ಅಡವಿಡುವವರದ್ದು, ಅದರಲ್ಲಿ ಸುರಂಗವೂ ಇಲ್ಲ, ಮುದುಕನೂ ಇಲ್ಲ ಅಂದೆ.

"ಹಂಗಿದ್ರ ಬ್ಯಾಡ ಬಿಡ್ರಿ" ಅಂದು ಫೋನ್ ಇಟ್ಟರು.